ದುರ್ಗಾಂಬನವರ ನೀಲಿ ದೀಪ

ಹಿರಿಯೂರಿನ ಓಂಕಾರಪ್ಪನವರು ಬ್ಯಾಂಕಿನವರು ಕಳಿಸಿದ ಊರಿಗೆಲ್ಲ ಪೆಟ್ಟಿಗೆ ಹೊತ್ತು ಹೋದವರು. ವಿಶಾಖಪಟ್ಟಣದಲ್ಲಿ ಕಾಲೂರಿದೆ ಅನ್ನುವಷ್ಟರಲ್ಲಿ, ನಿವೃತ್ತಿಯ ಅಂಚಿನಲ್ಲಿ, ವಿಜಯವಾಡಕ್ಕೆ ವರ್ಗವಾಯಿತು. ಹೆಂಡತಿ ಉಮಾದೇವಿ, "ಇನ್ನೊಂದ್ಸಲ ಸಾಮಾನು ಕಟ್ಟೋಕೆ ನನ್ ಕೈಲಾಗಲ್ಲ, ನೀವೇ ಹೋಗ್ ಬರ್ರಿ" ಎಂದುಬಿಟ್ಟರು. ಅಂದಿನಿಂದ ವಾರವೆಲ್ಲ ವಿಜಯವಾಡದ ಒಂಟಿ ಕೋಣೆ, ರಜೆ ಬಂದರೆ ರೈಲು, ವಿಶಾಖಪಟ್ಟಣದ ದ್ವಾರಕಾ ನಗರದ ಮಹಡಿ ಮನೆ, ಮತ್ತೆ ರೈಲು. ಮೈಯೊಳಗಿನ ದಣಿವು ಯಾವ ನಿದ್ದೆಗೂ ಇಳಿಯುತ್ತಿರಲಿಲ್ಲ.

ಒಂದು ಭಾನುವಾರ ಕೆಳಗಿನ ಮನೆಯ ಒಡತಿ ದುರ್ಗಾಂಬ ಓಂಕಾರಪ್ಪನವರನ್ನು ಕರೆದರು. ಎಂಬತ್ತರ ಹತ್ತಿರದ, ಹೆಚ್ಚು ಮಾತಾಡದ ಹೆಂಗಸು. ಮೇಜಿನ ಮೇಲೊಂದು ನೀಲಿ ಗಾಜಿನ ಸೀಮೆಎಣ್ಣೆ ದೀಪವಿತ್ತು.

"ಬಾಬೂ, ಹಳೇ ದೀಪ ಸಂಗ್ರಹಿಸೋರೊಬ್ಬರು ನಿಮ್ಮ ಬ್ಯಾಂಕಿಗೆ ಬರ್ತಾರೆ ಅಂದಿದ್ರಲ್ಲ? ಇದು ಎಲ್ಲಿಯದು, ಯಾವ ಕಾಲದ್ದು ಕೇಳಿ ಬನ್ನಿ. ನಲವತ್ತೆರಡರ ಯುದ್ಧದಲ್ಲಿ ರಂಗೂನಿಂದ ನಡೆದು ಬರುವಾಗ ಅಮ್ಮ ತಂದಿದ್ದು ಅಂತಾರೆ."

ಬೇಡವೆನ್ನಲೂ ಶಕ್ತಿ ಬೇಕು. ಓಂಕಾರಪ್ಪ ಅದನ್ನು ಉಮಾದೇವಿಯ ಹಳೆ ಸೀರೆಯಲ್ಲಿ ಸುತ್ತಿ, ವಿಜಯವಾಡದವರೆಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ಒಡೆದರೆ ಗತಿಯೇನೆಂದು ಕಣ್ಣೂ ಮುಚ್ಚಲಿಲ್ಲ. ಅಲ್ಲಿ ಕೆಲವು ವಾರ ಅದು ಮಂಚದ ಕೆಳಗೇ ಉಳಿಯಿತು. ಸಂಜೆ ಬ್ಯಾಂಕಿನಿಂದ ಬಂದರೆ ಚಪ್ಪಲಿ ಬಿಡುವುದೇ ಒಂದು ಕೆಲಸವಾಗಿತ್ತು.

ಕಡೆಗೊಂದು ರಜೆಯ ದಿನ ದೀಪ ಸಂಗ್ರಹಿಸುವ ಸತ್ಯನಾರಾಯಣಪುರಂನ ಶೇಷಗಿರಿಯವರ ಮನೆಗೆ ಹೋದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಶೇಷಗಿರಿ ದೀಪವನ್ನು ಕಿಟಕಿಯ ಬಳಿ ಹಿಡಿದು, ಉಗುರಿನಿಂದ ಗಾಜನ್ನು ಸವರಿದರು.

"ಇಲ್ಲಿ ಉಬ್ಬುಗೆರೆ ಸಿಗ್ತಿದೆ, ನೋಡಿ. ಅಚ್ಚಿನ ಎರಡು ಹೋಳು ಕೂಡೋ ಜಾಗ ಅದು. ಎಣ್ಣೆ ಬುರುಡೆ, ಕಾಲು, ಪೀಠ ಎಲ್ಲಾ ಒಂದೇ ಸಲ ಎರಕ ಹೊಯ್ದಿದ್ದಾರೆ. ಬುಡಕ್ಕೆ ಮಾತ್ರ ಯಾರೋ ಅರಗು ತುಂಬಿದ್ದಾರೆ, ಭಾರ ಬರಲಿ ಅಂತ."

ಅವರು ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಅರಗನ್ನು ಮೆತ್ತಗೆ ಮಾಡಿ, ಮರದ ಕಡ್ಡಿಯಿಂದ ಬಿಡಿಸಿದರು. ಅಡಿಯಲ್ಲಿ ಉಬ್ಬಿದ ಅಕ್ಷರಗಳು ಕಂಡವು. ದೇವನಾಗರಿ. ಓಂಕಾರಪ್ಪ ಕನ್ನಡಕ ಏರಿಸಿ ಓದಿದರು: "ಸ್ವತಂತ್ರ ಭಾರತ."

"ಅಲ್ಲಿಗೆ ಮುಗೀತು, ಮೇನೇಜರ್‌ಗಾರೂ," ಎಂದರು ಶೇಷಗಿರಿ. "ಉತ್ತರದ ಕಡೆಯ ಯಾವುದೋ ಕಾರ್ಖಾನೆಯದು. ನಲವತ್ತೇಳಕ್ಕೆ ಮುಂಚೆ ಇದನ್ನು ಅಚ್ಚು ಹಾಕಿರೋಕೆ ಸಾಧ್ಯವಿಲ್ಲ. ರಂಗೂನಿನದಂತೂ ಅಲ್ಲ."

ವಾಪಸು ಬರುವಾಗ ಓಂಕಾರಪ್ಪನವರ ಮನಸ್ಸು ಇನ್ನಷ್ಟು ಸೋತಿತ್ತು. ಜರ್ಮನಿಯದು, ಬಹಳ ಹಳೆಯದು ಅಂದುಬಿಟ್ಟರೆ ಮುದುಕಿ ಖುಷಿಯಾಗುತ್ತಾರೆ, ತಾನು ಮೇಲೆ ಹೋಗಿ ಮಲಗಬಹುದು. ರೈಲು ಅನಕಾಪಲ್ಲಿ ದಾಟಿ ವಿಶಾಖಪಟ್ಟಣ ಹತ್ತಿರವಾಗುವವರೆಗೂ ಅದೇ ಯೋಚನೆ. ಆದರೆ ದುರ್ಗಾಂಬನವರ ಎದುರು ಕೂತಾಗ ಸುಳ್ಳು ನಾಲಗೆಗೆ ಬರಲಿಲ್ಲ.

"ಅಮ್ಮಾ, ಇದು ಅಷ್ಟು ಹಳೆಯದಲ್ಲ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶದಲ್ಲೇ ಮಾಡಿದ್ದು. ರಂಗೂನಿಂದ ಬಂದಿಲ್ಲ."

ದುರ್ಗಾಂಬ ಅಕ್ಷರಗಳ ಮೇಲೆ ಬೆರಳಾಡಿಸಿದರು. "ನಿಜವಾಗ್ಲೂ?"

"ನಿಜ."

"ಹಾಗಾದ್ರೆ ಅಮ್ಮ ಬರಿಗೈಲಿ ಬಂದಳು."

ದೀಪವನ್ನು ಮೇಜಿನ ಮೇಲಿಟ್ಟು ಅವರು ಉಳಿದದ್ದನ್ನು ಹೇಳಿದರು. ಅವರು ಹುಟ್ಟುವ ಮುಂಚೆ ಒಬ್ಬ ಅಣ್ಣನಿದ್ದ. ರಂಗೂನಿನಿಂದ ಬರುವ ಕಾಡುದಾರಿಯಲ್ಲಿ ಜ್ವರ ಬಂದು ತೀರಿಹೋದ. ಆಮೇಲೆ ಮನೆಯಲ್ಲಿ ಈ ದೀಪ ಕಂಡ ಸೋದರತ್ತೆ, ಇವಳು ಜ್ವರದ ಮಗುವನ್ನು ಕಾಡಿನಲ್ಲಿ ಕೆಳಗಿಳಿಸಿ ಬಂದಳು, ದೀಪವನ್ನು ಇಳಿಸಲಿಲ್ಲ ಎಂದು ಊರೆಲ್ಲ ಆಡಿದಳು. ತಾಯಿ ಯಾರಿಗೂ ಉತ್ತರ ಕೊಡಲಿಲ್ಲ. ಸಂಜೆಯಾದರೆ ದೀಪ ಒರೆಸಿ ಹಚ್ಚುತ್ತಿದ್ದಳು, ಅಷ್ಟೇ.

"ನಾನೂ ನಂಬಿದ್ದೆ, ಬಾಬೂ. ಅವಳು ಸಾಯೋವರೆಗೂ ಒಳಗೊಳಗೇ ನಂಬಿದ್ದೆ."

ದುರ್ಗಾಂಬ ಸೆರಗಿನಿಂದ ಮುಖ ಒರೆಸಿಕೊಂಡು ಫೋನು ಕೈಗೆತ್ತಿಕೊಂಡರು. "ಆ ಅತ್ತೆಯ ಮಗಳು ಸೀತಾಮಹಾಲಕ್ಷ್ಮಿ ಇನ್ನೂ ಇದಾಳೆ. ಈಗ್ಲೂ ಮದುವೆ ಮನೆಗಳಲ್ಲಿ ಇದೇ ಕತೆ ಹೇಳ್ತಾಳೆ. ನೀವು ಬ್ಯಾಂಕಿನೋರು, ನಿಮ್ಮ ಬಾಯಲ್ಲಿ ಕೇಳಿದ್ರೆ ನಂಬ್ತಾಳೆ."

ಓಂಕಾರಪ್ಪ ಫೋನು ಹಿಡಿದು ತಮ್ಮ ಮುರುಕು ತೆಲುಗಿನಲ್ಲಿ ಎಲ್ಲ ಹೇಳಿದರು. ಆ ಕಡೆಯವರಿಗೆ ಕಿವಿ ಮಂದ. ಅಚ್ಚು, ಅಕ್ಷರ, ಸ್ವಾತಂತ್ರ್ಯ ಎಂದು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಮಹಡಿಯಿಂದ ಉಮಾದೇವಿ ಊಟಕ್ಕೆ ಕರೆಯುತ್ತಿದ್ದರು. ಕಾಲು ಸೋಲುತ್ತಿತ್ತು.

"ಹೌದಮ್ಮಾ, ಸ್ವಾತಂತ್ರ್ಯ ಬಂದ ಮೇಲೇ ಮಾಡಿದ್ದು," ಎಂದರು ಅವರು, ಗೋಡೆಗೊರಗಿ ದನಿ ಎತ್ತರಿಸಿ. "ಆ ತಾಯಿ ದಾರೀಲಿ ಏನೂ ಹೊತ್ತು ತಂದಿರಲಿಲ್ಲ."