ಡ್ರಿಕ್‌ನ ಮೂಗು, ಕೋಬಾಳ ಕಿವಿ

ಡ್ರಿಕ್ ವೆರ್ಡೊಂಕ್‌ನ ಬಲಗಾಲಿನ ಮೀನಖಂಡದ ಮೇಲೆ ಕುರು ಎದ್ದದ್ದು ಅವನು ಹಂದಿ ಸಾಕಣೆ ಬಿಟ್ಟು ಎಂಟು ತಿಂಗಳಾದ ಮೇಲೆ. ಮೊದಲು ಸೊಳ್ಳೆ ಕಚ್ಚಿದಷ್ಟೇ ಇತ್ತು. ವಾರದೊಳಗೆ ಕೋಳಿಮೊಟ್ಟೆಯಷ್ಟಾಯಿತು. ಊರಿನ ವೈದ್ಯರು ಕೊಟ್ಟ ಆಂಟಿಬಯೋಟಿಕ್ ಮಾತ್ರೆಗಳನ್ನು ಏಳು ದಿನ ತಪ್ಪದೆ ನುಂಗಿದ. ಮಾತ್ರೆ ಮುಗಿಯಿತು, ಕುರು ಮುಗಿಯಲಿಲ್ಲ.

"ಇನ್ನೂ ಬೆಳೀತಾನೇ ಇದೆ ಮಾರಾಯ," ಎಂದು ಬೇಲಿಯ ಆಚೆ ನಿಂತು ಪ್ಯಾಂಟು ಮಡಚಿ ತೋರಿಸಿದ. "ಮಾತ್ರೆ ಅಂದ್ರೆ ಇದಕ್ಕೆ ಬೆಳಗಿನ ತಿಂಡಿ ಆಗಿಬಿಟ್ಟಿದೆ."

ಬೇಲಿಯ ಈಚೆ ಇದ್ದವನು ನಾನು, ಲಂಬೇರ್. ಬ್ರಾಬಂಟ್ ಸೀಮೆಯ ಲಿಂಡರ್‌ಬೇಕ್ ಎಂಬ ಊರಿನಲ್ಲಿ ನಲವತ್ತು ವರ್ಷದಿಂದ ಅವನ ನೆರೆಯವನು. ಊರ ಬ್ಯಾಂಡಿನಲ್ಲಿ ಅವನು ಟ್ಯೂಬಾ ಊದುತ್ತಾನೆ, ಅಂದರೆ ಮಗುವಿನಂತೆ ಮಡಿಲಲ್ಲಿ ಕೂರಿಸಿಕೊಳ್ಳಬೇಕಾದ ಆ ದೊಡ್ಡ ಹಿತ್ತಾಳೆ ವಾದ್ಯ. ಪಕ್ಕದ ಕುರ್ಚಿಯಲ್ಲಿ ನಾನು ತುತ್ತೂರಿ. ಹೀಗಾಗಿ ಅವನ ಎಡ ಕಿವಿಯೂ ನನ್ನ ಬಲ ಕಿವಿಯೂ ಒಟ್ಟೊಟ್ಟಿಗೆ ಮಂದವಾದವು.

ಅವನ ಅಜ್ಜ ಹಂದಿ ಸಾಕಿದ್ದ, ಅಪ್ಪ ಸಾಕಿದ್ದ, ಇವನೂ ಸಾಕಿದ. ಮರಿ ಹಾಕುವ ಹಂದಿಗಳ ಪಕ್ಕ ಸಿಮೆಂಟಿನ ನೆಲದ ಮೇಲೆ ಮಂಡಿಯೂರಿ ಕೂತು ಕೂತು ಬಲ ಮೊಣಕಾಲು ಸವೆದೇ ಹೋಗಿತ್ತು. ಕಾಡಿನ ಅಂಚಿನ ಹಂದಿಮನೆಗಳನ್ನೆಲ್ಲ ಮುಚ್ಚಿಸಬೇಕೆಂದು ಸರಕಾರ ಹೊರಟಾಗ ಡ್ರಿಕ್ ಹೆಚ್ಚು ಜಗಳವಾಡದೆ ಒಪ್ಪಿಕೊಂಡ. ಅವನಿಗಿಂತ ಮೊದಲು ಒಪ್ಪಿದವಳು ಅವನ ಹೆಂಡತಿ ವೀಸ್.

"ನಲವತ್ನಾಲ್ಕು ವರ್ಷ ಈ ವಾಸನೆ ಕುಡಿದಿದ್ದೀನಿ," ಎಂದಳು. "ಇನ್ನು ನನಗೆ ಬಿಳೀ ಪರದೆ ಬೇಕು. ಒಂದೇ ಒಂದು ಹಂದೀನೂ ಇರಬಾರದು. ಮಾತು ಕೊಡು."

ಅವನು ಮಾತು ಕೊಟ್ಟ. ಹಂದಿಗಳನ್ನು ಒಯ್ಯುವ ಲಾರಿ ಬಂದ ದಿನ ವೀಸ್ ತಂಗಿಯ ಮನೆಗೆ ಹೋಗಿದ್ದಳು. ಎಲ್ಲವೂ ಹತ್ತಿದವು, ಒಂದು ಹತ್ತಲಿಲ್ಲ. ಹನ್ನೊಂದು ವರ್ಷದ ಮುದಿ ಹೆಣ್ಣು ಹಂದಿ ಕೋಬಾ ಅಂಗಳದ ನಡುವೆ ಕಾಲು ಮಡಚಿ ಮಲಗಿಬಿಟ್ಟಿತು. ಮರಿಯಾಗಿದ್ದಾಗ ಬದುಕುವುದಿಲ್ಲವೆಂದು ಎಲ್ಲರೂ ಕೈಬಿಟ್ಟಿದ್ದ ಅದನ್ನು ಡ್ರಿಕ್ ಒಲೆಯ ಪಕ್ಕ ಬಾಟಲಿ ಹಾಲು ಕುಡಿಸಿ ಉಳಿಸಿದ್ದ. ಲಾರಿಯವನಿಗೆ ಹೊತ್ತಾಗಿತ್ತು. "ನಿಮ್ಮಿಷ್ಟ" ಎಂದು ಹೊರಟುಹೋದ. ಡ್ರಿಕ್ ನನ್ನ ಮುಖ ನೋಡಿದ. ನಾನು ಬೇಲಿಯ ಗೇಟು ತೆಗೆದೆ. ಅಂದಿನಿಂದ ಕೋಬಾ ನನ್ನ ಹಿತ್ತಲ ಕೊಟ್ಟಿಗೆಯಲ್ಲಿ. ಕಾಗದಪತ್ರದಲ್ಲಿ ಅದು ನಾನು ಹವ್ಯಾಸಕ್ಕೆಂದು ಸಾಕಿದ ಹಂದಿ. ದಿನವೂ ಮಧ್ಯಾಹ್ನ ನಾಲ್ಕಕ್ಕೆ ಡ್ರಿಕ್ "ಲಂಬೇರ್‌ಗೆ ಸ್ವರ ಹೇಳಿಕೊಡಬೇಕು" ಎಂದು ಮನೆಯಲ್ಲಿ ಹೇಳಿ ಬರುತ್ತಿದ್ದ, ಅರ್ಧ ಗಂಟೆ ಅದರ ಕಿವಿಯ ಹಿಂದೆ ಕೆರೆದು ಹೋಗುತ್ತಿದ್ದ.

ಕುರು ಕೊಯ್ಯಿಸಲು ಪಟ್ಟಣದ ಆಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಬಾಗಿಲಲ್ಲೇ ಕೇಳಿದರು: "ಹಂದಿಗಳ ಜೊತೆ ಇರ್ತೀರಾ?" ನಮ್ಮ ಸೀಮೆಯ ಆಸ್ಪತ್ರೆಗಳಲ್ಲಿ ಹೆಸರಿಗಿಂತ ಮೊದಲು ಕೇಳುವ ಪ್ರಶ್ನೆ ಇದು.

"ಇದ್ದೆ," ಎಂದ ಡ್ರಿಕ್.

ಅಷ್ಟಕ್ಕೇ ಅವನಿಗೊಂದು ಪ್ರತ್ಯೇಕ ಕೋಣೆ ಸಿಕ್ಕಿತು. ಒಳಗೆ ಬರುವವರೆಲ್ಲ ಹಳದಿ ನಿಲುವಂಗಿ, ಕೈಗವಸು, ಮುಖಗವಸು ತೊಟ್ಟು ಬಂದರು. ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಮೂರು ದಿನದ ಮೇಲೆ ಉತ್ತರ ಬಂತು: ಎಂಆರ್‌ಎಸ್‌ಎ. ಮಾಮೂಲಿ ಆಂಟಿಬಯೋಟಿಕ್‌ಗಳಿಗೆ ಬಗ್ಗದ ರೋಗಾಣು, ಅದರಲ್ಲೂ ಹಂದಿಮನೆಯ ತಳಿ. ಹಂದಿಗಳಿಗೆ ವರ್ಷಗಟ್ಟಲೆ ಮೇವಿನಲ್ಲಿ ಕಲಸಿ ಕೊಟ್ಟಿದ್ದ ಔಷಧಿಗಳೂ ಅದಕ್ಕೆ ಈಗ ನೀರಿಗೆ ಸಮ.

"ಅಂದ್ರೆ ಇದಕ್ಕೆ ತರಬೇತಿ ಕೊಟ್ಟಿದ್ದು ನಾನೇನಾ?" ಎಂದು ಕೇಳಿದ ಡ್ರಿಕ್.

"ನೀವೊಬ್ಬರೇ ಅಲ್ಲ," ಎಂದರು ವೈದ್ಯರು ಮುಖಗವಸಿನ ಹಿಂದಿನಿಂದ. ಅದು ಸಮಾಧಾನವೋ ಆರೋಪವೋ ತಿಳಿಯಲಿಲ್ಲ.

ಬೇರೆ ಔಷಧಿಗೆ ಕುರು ಮಾಯಿತು. ಆದರೆ ರೋಗಾಣು ಹೋಗಿರಲಿಲ್ಲ, ಅವನ ಮೂಗಿನೊಳಗೆ ಹಾಯಾಗಿ ಬಿಡಾರ ಹೂಡಿತ್ತು. ಅಲ್ಲಿ ಅದು ತೊಂದರೆಯನ್ನೇನೂ ಕೊಡುತ್ತಿರಲಿಲ್ಲ. ತೊಂದರೆ ಇದ್ದದ್ದು ಮೊಣಕಾಲಿನದು. ಅದನ್ನು ಬದಲಿಸಲು ಮೂಳೆ ವೈದ್ಯರು ದಿನ ಗೊತ್ತು ಮಾಡಿದ್ದರು, ಈಗ ಕೈಯೆತ್ತಿಬಿಟ್ಟರು. "ಮೊಣಕಾಲಲ್ಲಿ ಲೋಹ ಕೂರಿಸಿದ ಮೇಲೆ ಈ ಕ್ರಿಮಿ ಅಲ್ಲಿಗೆ ಇಳಿದರೆ ಕಾಲೇ ಹೋದೀತು. ಮೊದಲು ಮೂಗು ಶುದ್ಧ ಆಗಲಿ."

ಮೂಗು ಶುದ್ಧ ಮಾಡುವ ಹೊಣೆ ಫೆನ್ನಾಳದು. ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ನರ್ಸು ಅವಳು. ಉತ್ತರದ ಗ್ರೋನಿಂಗನ್ ಕಡೆಯವಳು, ಆರಡಿ ಎತ್ತರ. ಆ ಕಡೆಯವರು ಮಾತನ್ನು ಸುತ್ತಿ ಬಳಸಿ ಆಡುವುದಿಲ್ಲ.

"ಐದು ದಿನ," ಎಂದಳು. "ದಿನಕ್ಕೆ ಮೂರು ಸಲ ಮೂಗಿಗೆ ಈ ಮುಲಾಮು. ದಿನಾ ಈ ಸೋಪಲ್ಲಿ ತಲೆಯಿಂದ ಕಾಲಿನ ತನಕ ಸ್ನಾನ. ದಿನಾ ಹೊಸ ಟವೆಲ್, ಹೊಸ ಬಟ್ಟೆ, ಹಾಸಿಗೆ, ಹೊದಿಕೆ, ದಿಂಬು, ಎಲ್ಲ ಒಗೆದದ್ದು. ಆಮೇಲೆ ಹತ್ತಿಕಡ್ಡಿ ಪರೀಕ್ಷೆ. ಮೂಗು, ಗಂಟಲು, ಮತ್ತೆ ಕೆಳಗಡೆ."

"ಕೆಳಗಡೆ ಅಂದ್ರೆ ಕಾಲಾ?"

"ಕಾಲಿಗಿಂತ ಮೇಲೆ," ಎಂದಳು ಫೆನ್ನಾ.

ಮನೆಯವರನ್ನೂ ಪರೀಕ್ಷಿಸಿದರು. ವೀಸ್ ಶುದ್ಧ. ನಾಯಿಯೂ ಶುದ್ಧ. ನಾಯಿಗೆ ಹತ್ತಿಕಡ್ಡಿ ಹಾಕುವಾಗ ಅದು ಡ್ರಿಕ್‌ಗಿಂತ ಗಂಭೀರವಾಗಿ ವರ್ತಿಸಿತಂತೆ.

ಅಕ್ಟೋಬರ್‌ನ ಆ ಐದು ದಿನ ವೀಸ್ ಬೆಳಗ್ಗೆ ಎಂಟಕ್ಕೆ ಅರವತ್ತು ಡಿಗ್ರಿ ಬಿಸಿನೀರಿಗೆ ಹಾಸಿಗೆ ಬಟ್ಟೆ ಹಾಕಿದಳು, ಹತ್ತಕ್ಕೆ ಹಗ್ಗದ ಮೇಲೆ ಒಣಹಾಕಿದಳು. ಊರಿಗೆ ಕಣ್ಣಿಲ್ಲವೇ? ಮೂರನೆಯ ದಿನ ಬೇಕರಿಯಲ್ಲಿ ಯಾನೆಕಾ ಎಂಬ ಮುದುಕಿ, ನಮ್ಮ ಬ್ಯಾಂಡಿನ ಡ್ರಮ್ಮಿನವನ ತಾಯಿ, ಸಾಸೇಜ್ ಬ್ರೆಡ್ ಕೊಳ್ಳುತ್ತ ನನ್ನನ್ನು ಹಿಡಿದಳು.

"ಅಲ್ಲ ಲಂಬೇರ್, ಅಲ್ಲಿ ಏನು ನಡೀತಿದೆ? ದಿನಾ ಹಾಸಿಗೆ ಬಟ್ಟೆ! ನಾನು ಹೊಸದಾಗಿ ಮದುವೆ ಆದಾಗಲೂ ವಾರಕ್ಕೊಂದ್ಸಲ ಬದಲಾಯಿಸ್ತಿದ್ದೆ."

"ಡ್ರಿಕ್‌ಗೆ ಚಿಕಿತ್ಸೆ ನಡೀತಿದೆ," ಎಂದೆ.

"ಅದೇ ಚಿಕಿತ್ಸೆ ನಮ್ಮವರಿಗೂ ಬರೆದು ಕೊಡ್ತಾರಾ ಕೇಳು."

ವಾರ ಕಳೆದು ಫಲಿತಾಂಶ ಬಂತು. ಮೂಗಿನಲ್ಲಿ ಇತ್ತು. ಎರಡನೆಯ ಸುತ್ತು ಮಾಡಿದರು, ಇನ್ನೈದು ದಿನ. ಹಲ್ಲುಜ್ಜುವ ಬ್ರಷ್ಷು ಎಸೆದರು, ಕನ್ನಡಕ ತೊಳೆದರು, ಟ್ಯೂಬಾದ ಬಾಯಿಭಾಗವನ್ನು ಕುದಿಸಿದರು. ಮತ್ತೆ ಫಲಿತಾಂಶ: ಮೂಗಿನಲ್ಲಿ ಇತ್ತು, ಜೊತೆಗೆ ಗಂಟಲಲ್ಲೂ.

ಏಕೆಂದು ನನಗೆ ಗೊತ್ತಿತ್ತು. ಡ್ರಿಕ್‌ಗೂ ಗೊತ್ತಿತ್ತು. ಮೈಯೆಲ್ಲ ಔಷಧಿ ಸೋಪಿನ ವಾಸನೆ ಹೊತ್ತು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಹತ್ತೂ ದಿನ ನಾಲ್ಕು ಗಂಟೆಗೆ ಅವನು ನನ್ನ ಕೊಟ್ಟಿಗೆಗೆ ಬಂದಿದ್ದ. ನಾನು ಹೇಳದೆ ಇರಲಿಲ್ಲ. "ಬರೀ ಕಿವಿ ತಾನೇ ಕಣೋ," ಎನ್ನುತ್ತಿದ್ದ. "ಮೂಗು ಮುಟ್ಟಲ್ಲ."

ಫೆನ್ನಾ ಅವನನ್ನು ಕರೆಸಿದಳು. ವೀಸ್ ದಂತವೈದ್ಯರ ಬಳಿ ಹೋಗಿದ್ದರಿಂದ ಜೊತೆಗೆ ಹೋದವನು ನಾನು. ಫೆನ್ನಾ ಬಾಗಿಲು ಹಾಕಿದಳು.

"ನಿಮ್ಮ ಸ್ನೇಹಿತರು ಹೊರಗೆ ಇದ್ದರೆ ಒಳ್ಳೇದೇನೋ."

"ಇರಲಿ. ಇವನಿಗೆ ಎಲ್ಲಾ ಗೊತ್ತು."

"ಸರಿ. ನೇರವಾಗಿ ಕೇಳ್ತೀನಿ. ನಿಮ್ಮ ಹೆಂಡತಿ ಶುದ್ಧ, ನಾಯಿ ಶುದ್ಧ, ಹಂದಿಗಳು ಹೋಗಿ ಆಯ್ತು. ಆದರೂ ನಿಮಗೆ ಎಲ್ಲಿಂದಲೋ ಪದೇ ಪದೇ ಬರ್ತಿದೆ. ನೀವು ದಿನಾ ಹತ್ತಿರ ಹೋಗುವಂಥವರು, ಮುಟ್ಟುವಂಥವರು, ಇನ್ಯಾರಾದರೂ ಇದ್ದಾರಾ? ಸರಿ ತಪ್ಪು ಹೇಳೋದು ನನ್ನ ಕೆಲಸ ಅಲ್ಲ."

ಡ್ರಿಕ್‌ನ ಮುಖ ಬೀಟ್‌ರೂಟ್ ಆಯಿತು.

"ಇದ್ದಾಳೆ," ಎಂದ.

ಫೆನ್ನಾ ಪೆನ್ನು ತೆಗೆದಳು. "ಹೆಸರು?"

"ಕೋಬಾ."

"ಎಷ್ಟು ದಿನದಿಂದ?"

"ಹನ್ನೊಂದು ವರ್ಷ ಆಯ್ತು."

ಫೆನ್ನಾಳ ಹುಬ್ಬು ಸ್ವಲ್ಪ ಏರಿತು. "ಹೆಂಡತಿಗೆ ಗೊತ್ತಿಲ್ಲ."

"ಕೋಬಾ ಅವಳಿಗೆ ಗೊತ್ತು. ಆದರೆ ಅವಳು ಹೋಗಿಬಿಟ್ಟಳು ಅಂದ್ಕೊಂಡಿದ್ದಾಳೆ."

"ಎಲ್ಲಿ ಸಿಗ್ತೀರಿ?"

"ಇವನ ಹಿತ್ತಲಲ್ಲಿ."

ಫೆನ್ನಾ ನನ್ನ ಕಡೆ ತಿರುಗಿದಳು. ಅಂಥ ನೋಟಕ್ಕೆ ಆಸ್ಪತ್ರೆಯಲ್ಲಿ ಯಾವ ಮುಲಾಮೂ ಇಲ್ಲ. "ನಾನು ಬರೀ ಊಟ ಹಾಕ್ತೀನಿ," ಎಂದೆ.

"ಅವರನ್ನೂ ಪರೀಕ್ಷೆಗೆ ಕರಕೊಂಡು ಬರಬೇಕು," ಎಂದಳು ಫೆನ್ನಾ, ಬರೆದುಕೊಳ್ಳುತ್ತ.

"ಆಗಲ್ಲ," ಎಂದ ಡ್ರಿಕ್ ಸಂಕಟದಿಂದ. "ಲಾರಿಗೇ ಹತ್ತಲಿಲ್ಲ, ಇವನ ಕಾರಿಗೆ ಹತ್ತುತ್ತಾಳಾ? ಇನ್ನೂರ ಎಪ್ಪತ್ತು ಕಿಲೋ ಇದ್ದಾಳೆ."

ಪೆನ್ನು ನಿಂತಿತು. ಫೆನ್ನಾ ಒಮ್ಮೆ ತಾನು ಬರೆದದ್ದನ್ನು ನೋಡಿದಳು, ಒಮ್ಮೆ ಡ್ರಿಕ್‌ನನ್ನು ನೋಡಿದಳು. ಆಮೇಲೆ ಎದ್ದು ಕಿಟಕಿಯ ಬಳಿ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಅವಳ ಭುಜ ಅಲುಗುತ್ತಿತ್ತು. ತಿರುಗಿದಾಗ ಮುಖ ಮತ್ತೆ ಗ್ರೋನಿಂಗನ್ ಆಗಿತ್ತು.

"ಮೊಣಕಾಲು ಬೇಕೋ, ಹಂದಿ ಬೇಕೋ? ಕಾಲು ಆಪರೇಷನ್ ಆಗಿ ಗಾಯ ಪೂರ್ತಿ ಮಾಯುವ ತನಕ ಕೋಬಾ ಇರುವ ಕೊಟ್ಟಿಗೆಗೆ ಕಾಲಿಡಬಾರದು. ಅಲ್ಲಿನ ಧೂಳೇ ಸಾಕು. ಹೆಂಡತಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟದ್ದು. ನಾನಾಗಿದ್ದರೆ ಹೇಳ್ತಿದ್ದೆ."

ಅಲ್ಲಿಂದ ಇಬ್ಬರೂ ನೇರ ಅವನ ಮನೆಗೆ ಬಂದೆವು. ಮನೆಯಲ್ಲಿ ವೀಸ್ ಕಾಫಿ ಮಾಡಿಟ್ಟು, ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು ಎಣಿಸಿಟ್ಟು ಕಾಯುತ್ತಿದ್ದಳು. ದಂತವೈದ್ಯರು ಕೊಟ್ಟ ಅರಿವಳಿಕೆ ಮದ್ದಿನಿಂದ ಅವಳ ಕೆನ್ನೆಯ ಒಂದು ಭಾಗ ಜೋತುಬಿದ್ದಿತ್ತು. ಡ್ರಿಕ್ ನಿಂತುಕೊಂಡೇ ಎಲ್ಲಾ ಹೇಳಿದ.

"ಗೊತ್ತು," ಎಂದಳು ವೀಸ್.

"ಏನು ಗೊತ್ತು?"

"ಕೋಬಾ ಇರೋದು ಗೊತ್ತು. ನಲವತ್ನಾಲ್ಕು ವರ್ಷ ಮೂಸಿದ ವಾಸನೆ ಮರೆತುಹೋಗುತ್ತಾ? ಲಂಬೇರ್ ಹತ್ತು ತಿಂಗಳಿಂದ ಸ್ವರ ಕಲೀತಿದ್ದಾನೆ, ಆದರೂ ಅವನ ತುತ್ತೂರಿ ಮೊದಲಿನಷ್ಟೇ ಕೆಟ್ಟದಾಗಿದೆ. ಮುದುಕನಿಗೆ ಒಂದು ಆಸರೆ ಇರಲಿ ಅಂತ ಸುಮ್ಮನಿದ್ದೆ."

ಡ್ರಿಕ್‌ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ವೀಸ್ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು.

"ಆದರೆ ಆ ಹತ್ತು ದಿನಾನೂ ಹೋಗಿದ್ದೆಯಾ? ನಾನು ಇಲ್ಲಿ ದಿಂಬಿನ ಚೀಲ ಇಸ್ತ್ರಿ ಮಾಡ್ತಾ ಇದ್ದರೆ ನೀನು ಅಲ್ಲಿ ಹಂದಿ ಕಿವಿ ಕೆರೀತಾ ಇದ್ದೆಯಾ? ಹತ್ತು ದಿನಕ್ಕೆ ನಲವತ್ತು ಚಾದರ ಕಣೋ! ಮೂರನೇ ಸುತ್ತು ನೀನೇ ಒಗಿ."

ಅವನೇ ಒಗೆದ. ಕುಂಟುತ್ತ ಬುಟ್ಟಿ ಹೊತ್ತ. ಮೊದಲ ದಿನ ಕೆಂಪು ಕಾಲುಚೀಲ ಸೇರಿಸಿಬಿಟ್ಟು ಎಲ್ಲ ಚಾದರಗಳೂ ಗುಲಾಬಿ ಬಣ್ಣಕ್ಕೆ ತಿರುಗಿದವು. ಅವು ಹಗ್ಗದ ಮೇಲೆ ಹಾರಾಡುವುದನ್ನು ನೋಡಿ ಯಾನೆಕಾ ಸೈಕಲ್ ನಿಲ್ಲಿಸಿ ಕೂಗಿದಳು: "ಡ್ರಿಕ್, ವಯಸ್ಸಿಗೆ ತಕ್ಕ ಹಾಗೆ ಇರು!"

ಇತ್ತ ಕೊಟ್ಟಿಗೆಯಲ್ಲಿ ಕೋಬಾ ಊಟ ಬಿಟ್ಟಿತು. ನಾನು ಕಿವಿ ಕೆರೆದರೆ ತಲೆ ಕೊಡವಿ ಗೋಡೆಯ ಕಡೆ ತಿರುಗುತ್ತಿತ್ತು. ಎರಡು ದಿನ ನೋಡಿ ಡ್ರಿಕ್‌ಗೆ ಹೇಳಿದೆ. ಮರುದಿನ ನಾಲ್ಕಕ್ಕೆ ಅವನು ತನ್ನ ಅಂಗಳದ ಆ ತುದಿಯಲ್ಲಿ ಅಡುಗೆಮನೆಯ ಕುರ್ಚಿ ಹಾಕಿ, ಟ್ಯೂಬಾ ಮಡಿಲಿಗಿಟ್ಟು ಕೂತ. ಟ್ಯೂಬಾದವನಿಗೆ ರಾಗ ಇರುವುದಿಲ್ಲ, ತಾಳದ ಬುಡ ಮಾತ್ರ. ಭೋಂ, ಭೋಂ, ಭೋಂ. ಅರ್ಧ ಗಂಟೆ. ಮೊದಲ ದಿನ ಕೋಬಾ ಕಿವಿ ನಿಮಿರಿಸಿತು. ಎರಡನೆಯ ದಿನ ಎದ್ದು ನಿಂತಿತು. ಮೂರನೆಯ ದಿನ ಬಕೀಟು ಖಾಲಿ ಮಾಡಿತು. ಮಳೆ ಬಂದ ದಿನ ವೀಸ್ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು, ಇನ್ನೊಂದು ಕೈಯಿಂದ ಕಿವಿ ಮುಚ್ಚಿಕೊಂಡು.

ವಾರಕ್ಕೊಂದರಂತೆ ಮೂರು ಪರೀಕ್ಷೆ. ಮೂರರಲ್ಲೂ ಏನೂ ಇಲ್ಲ. ಜನವರಿಯಲ್ಲಿ ಮೊಣಕಾಲು ಬದಲಾಯಿತು. ನೋಡಲು ಹೋದಾಗ ಡ್ರಿಕ್ ಮುಖ ಊದಿಸಿಕೊಂಡು ಮಲಗಿದ್ದ. ಶುದ್ಧನಾದ್ದರಿಂದ ಅವನನ್ನು ನಾಲ್ಕು ಜನರ ವಾರ್ಡಿಗೆ ಹಾಕಿದ್ದರು.

"ರೋಗ ಇದ್ದಾಗ ಒಂಟಿ ಕೋಣೆ, ಸ್ವಂತ ಟಿವಿ," ಎಂದು ಗೊಣಗಿದ. "ಈಗ ನೋಡು, ಮೂರು ಜನ ಗೊರಕೆಯವರು."

ಏಪ್ರಿಲ್‌ನಲ್ಲಿ ಗಾಯ ಪೂರ್ತಿ ಮಾಯಿತೆಂದು ವೈದ್ಯರು ಹೇಳಿದರು. ಫೆನ್ನಾ ಎಚ್ಚರಿಸಿದಳು: "ಅಲ್ಲಿಗೆ ಹೋದರೆ ಮತ್ತೆ ಬರುತ್ತೆ. ಹೋಗ್ತೀರಿ ಅಂತ ಗೊತ್ತು. ಚರ್ಮ ಒಡೆದಿದ್ದರೆ ಹೋಗಬೇಡಿ, ಕೈ ತೊಳೆಯಿರಿ, ಯಾವ ಆಸ್ಪತ್ರೆಗೆ ಹೋದರೂ ಮೊದಲು ಹೇಳಿ." ಅಂದೇ ನಾಲ್ಕಕ್ಕೆ ಅವನು ಹೊಸ ಮೊಣಕಾಲಿನಲ್ಲಿ ನಡೆದು ಬಂದ. ಕೋಬಾ ಅವನ ಅಂಗಿಯ ತೋಳನ್ನು ಬಾಯಲ್ಲಿ ಹಿಡಿದು ಎಳೆಯಿತು. ತಿಂಗಳೊಳಗೆ ಅವನ ಮೂಗು ಮತ್ತೆ ಹಳೆಯ ಮೂಗಾಯಿತು.

ಅದೇ ಬೇಸಿಗೆಯಲ್ಲಿ ನನಗೆ ಹರ್ನಿಯಾ ಆಪರೇಷನ್. "ಹಂದಿಗಳ ಜೊತೆ ಇರ್ತೀರಾ?" ಎಂದು ಕೇಳಿದರು. "ಒಂದರ ಜೊತೆ," ಎಂದೆ. ಒಂಟಿ ಕೋಣೆ ಸಿಕ್ಕಿತು. ಹತ್ತಿಕಡ್ಡಿ ಹಾಕಿ ನೋಡಿದರೆ ನನ್ನ ಮೂಗಲ್ಲೂ ಅದೇ ರೋಗಾಣು ಇತ್ತು. ಫೆನ್ನಾ ಹಳದಿ ನಿಲುವಂಗಿ ತೊಟ್ಟು ಒಳಗೆ ಬಂದು ಮೊದಲು ಕೇಳಿದ್ದು ಕೋಬಾ ಹೇಗಿದ್ದಾಳೆ ಎಂದು.

ಕೋಬಾ ಮರುವರ್ಷ ಮಾರ್ಚಿನಲ್ಲಿ ಹೋಯಿತು. ಬೆಳಗ್ಗೆ ಬಕೀಟು ಒಯ್ದಾಗ ಹುಲ್ಲಿನ ಮೇಲೆ ನಿದ್ದೆ ಮಾಡಿದಂತೆಯೇ ಮಲಗಿತ್ತು. ಡ್ರಿಕ್ ಬಂದು ಹೊಸ ಮೊಣಕಾಲನ್ನು ಲೆಕ್ಕಿಸದೆ ಅದರ ಪಕ್ಕ ಮಂಡಿಯೂರಿ ಕೂತ. ವೀಸ್ ಬಿಳೀ ಪರದೆಯ ಮನೆಯಿಂದ ಹೊರಟು ಮೊದಲ ಸಲ ನನ್ನ ಕೊಟ್ಟಿಗೆಗೆ ಬಂದಳು, ಕೈಗವಸು ಹಾಕಿಕೊಂಡು, ಅದರ ಬೆನ್ನು ಒಂದು ಸಲ ಸವರಿದಳು.

ಆರು ತಿಂಗಳ ಮೇಲೆ ಆಸ್ಪತ್ರೆಯವರು ಡ್ರಿಕ್‌ನನ್ನೂ ನನ್ನನ್ನೂ ಪರೀಕ್ಷಿಸಿದರು. ಡ್ರಿಕ್‌ಗೆ ಫೆನ್ನಾಳೇ ಫೋನ್ ಮಾಡಿದಳು: ಮುಲಾಮು, ಸೋಪು ಏನೂ ಇಲ್ಲದೆ ತಾನಾಗಿಯೇ ಹೋಗಿದೆ, ಅವನೀಗ ಪೂರ್ತಿ ಶುದ್ಧ. ಅವನು "ಆಗಲಿ, ಥ್ಯಾಂಕ್ಸ್" ಎಂದು ಫೋನ್ ಇಟ್ಟು ನಮ್ಮ ಮನೆಗೆ ಬಂದ.

"ನಿಂದೇನಾಯ್ತು?"

"ಕೋಬಾ ಕೊಟ್ಟದ್ದು ನನಗೆ ಇನ್ನೂ ಇದೆಯಂತೆ," ಎಂದೆ. "ಮೂಗಲ್ಲಿ."

ಅವನು ಕಾಫಿ ಬಟ್ಟಲು ಕೈಯಲ್ಲಿ ಹಿಡಿದು ನನ್ನ ಮೂಗನ್ನೇ ಸ್ವಲ್ಪ ಹೊತ್ತು ನೋಡಿದ.

"ಅದೃಷ್ಟವಂತ ಕಣೋ ನೀನು," ಎಂದ.