ಪೂರ್ತಿ ಒಂದು ನಿಮಿಷ

ಅಂಗನವಾಡಿ ಅಕ್ಕೋರು ವಾಚನ್ನು ತಿರುಗಿಸಿ ಕಟ್ಟುತ್ತಿದ್ದರು, ಗಾಜು ಅಂಗೈಯ ಕಡೆಗೆ. ಮಗುವನ್ನು ಎಡತೋಳಿನಲ್ಲಿ ಮಲಗಿಸಿಕೊಂಡರೆ ಮುಳ್ಳೂ ಕಾಣಬೇಕು, ಹೊಟ್ಟೆಯೂ ಕಾಣಬೇಕು.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ, ರಜೆಗೆ ಮಂಜಗುಣಿಗೆ ಬಂದ ವಾರವೇ ಅಕ್ಕನ ಹತ್ತು ತಿಂಗಳ ಮಗನಿಗೆ ಥಂಡಿಯಾಯಿತು. ಅಜ್ಜಿ ವೀಳ್ಯದೆಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ಎದೆಗೆ ಹಚ್ಚಿದ್ದಳು. ಮೂರನೆಯ ದಿನ ಅವನು ಹಾಲು ಬಿಟ್ಟ. ಅಕ್ಕೋರು ತಾವಾಗಿಯೇ ಬಂದರು.

"ಬರೀ ಹಲ್ಲು ಬರೂ ಥಂಡಿ, ಅಕ್ಕೋರೆ," ಎಂದಳು ಅಜ್ಜಿ.

"ಮೂಗು ಸೋರಿದ್ರೆ ಅಡ್ಡಿಲ್ಲ, ಅಮ್ಮ. ಎಲೆ ಚಂದ ಹಚ್ಚಿದ್ದೀರಿ, ಆದ್ರೆ ನೋಡೂ ಜಾಗಾನೇ ಮುಚ್ಚಿದ್ದೀರಿ."

ಎಲೆ ತೆಗೆದರು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಅವರು ಎಣಿಸತೊಡಗಿದರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಲದೇ ಎಂದು ಕೇಳಿದೆ. ಮುಗಿಯುವವರೆಗೆ ಅವರು ನನ್ನತ್ತ ನೋಡಲಿಲ್ಲ.

"ನಿನ್ನದು ಎಮ್ಮೆಸ್ಸಿ ಲೆಕ್ಕ, ತಂಗಿ. ಮಗು ಹಂಗೆ ಒಂದೇ ಸಮ ಉಸಿರಾಡೂದಿಲ್ಲ. ಪೂರ್ತಿ ಒಂದು ನಿಮಿಷ ನೋಡಬೇಕು. ಐವತ್ತು ದಾಟ್ತು. ಬಸ್ಸಿಗೆ ಹೊರಡಿ."

ಅಂಕೋಲೆಯ ಆಸ್ಪತ್ರೆಗೆ ಅವರೇ ಜೊತೆಗೆ ಬಂದರು. ಮಗು ಉಳಿಯಿತು. ಅಜ್ಜಿ ಮಾತ್ರ ಮಗು ಉಳಿದ ಪುಣ್ಯದಲ್ಲಿ ಕೊನೆಯವರೆಗೂ ವೀಳ್ಯದೆಲೆಗೂ ಅರ್ಧ ಪಾಲು ಕೊಡುತ್ತಿದ್ದಳು. ಅಕ್ಕೋರು, "ಕೊಡಿ, ಎಲೆಗೂ ಬಸ್ ಟಿಕೆಟ್ ತೆಗೆಸಿದ್ದೆವಲ್ಲ," ಎನ್ನುತ್ತಿದ್ದರು.

ಎರಡು ವರ್ಷದ ಮೇಲೆ, ಒಂದು ಮಳೆಗಾಲದಲ್ಲಿ ಅಕ್ಕೋರಿಗೇ ಥಂಡಿಯಾಯಿತು. ನಾಲ್ಕೈದು ದಿನಕ್ಕೆ ಕಡಿಮೆಯಾಗಿ, ಮತ್ತೆ ಜ್ವರ ಬಂತು ಎಂದು ಕೇಳಿದ್ದೆ. ಒಂದು ಬೆಳಿಗ್ಗೆ ಅಂಕೋಲೆ ಬಸ್ಸಿನಲ್ಲಿ ಪಕ್ಕದಲ್ಲೇ ಸಿಕ್ಕರು. ತಿಂಗಳ ಮೀಟಿಂಗಿಗೆ ಹೊರಟಿದ್ದರು. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಿದ್ದರು.

"ನಾಳೆ ಮಕ್ಕಳ," ಎಂದು ನಿಲ್ಲಿಸಿದರು. ಉಸಿರು ತೆಗೆದುಕೊಂಡು, "ತೂಕ ಮಾಡೂದಿದೆ," ಎಂದರು.

ಒಂದು ಮಾತು ಮುಗಿಸಲು ಎರಡು ಉಸಿರು ಬೇಕಾದವರನ್ನು ಕಷಾಯ ಕುಡಿಸುತ್ತಾ ಮನೆಯಲ್ಲಿ ಕೂರಿಸಬಾರದು ಎಂದು ತಾಯಂದಿರಿಗೆ ಹೇಳಿಕೊಡುತ್ತಿದ್ದವರು ಅವರೇ. ಅವರ ಕೈ ಮಡಿಲಲ್ಲಿತ್ತು, ವಾಚು ನನಗೆ ಕಾಣುವಂತೆ. ಸೆರಗಿನ ಏರಿಳಿತ ನೋಡುತ್ತಾ ನಾನು ಎಣಿಸಿದೆ, ಪೂರ್ತಿ ಒಂದು ನಿಮಿಷ. ಮೂವತ್ತನಾಲ್ಕು. ದೊಡ್ಡವರಿಗೆ ಇಪ್ಪತ್ತು ದಾಟಬಾರದು.

ಅಕ್ಕೋರಿಗೆ ನಾನೇನು ಹೇಳುವುದು ಎನಿಸಿತು. ಅವರಿಗೆ ಗೊತ್ತಿಲ್ಲದ್ದೇ? ಆಸ್ಪತ್ರೆಯ ಸ್ಟಾಪು ಬಂತು, ಹೋಯಿತು. ಇಳಿಯುವಾಗ ಅವರು ನನ್ನ ಭುಜ ಹಿಡಿದು ಎದ್ದರು. "ಬರ್ತೆ, ತಂಗಿ," ಎಂದರು.

ನಾಲ್ಕನೆಯ ದಿನ ಕಾರವಾರದ ಆಸ್ಪತ್ರೆಯಲ್ಲಿ ತೀರಿಕೊಂಡರು. ತಡವಾಗಿ ತಂದಿರಿ ಎಂದು ಡಾಕ್ಟರು ಹೇಳಿದರಂತೆ. ನಾನು ಎಣಿಸಿದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಅಕ್ಕನ ಮಗ ಈಗ ಶಾಲೆಗೆ ಹೋಗುತ್ತಾನೆ. ಥಂಡಿಯಾದರೆ ತಾನೇ ಅಂಗಿ ಎತ್ತಿ ನನ್ನ ಮುಂದೆ ನಿಲ್ಲುತ್ತಾನೆ.

"ಸಾಕಾ, ಚಿಕ್ಕಿ?"

"ಇನ್ನೂ ನಿಮಿಷ ಆಗಲಿಲ್ಲ," ಎನ್ನುತ್ತೇನೆ.