ಹನ್ನೊಂದು ಸಾಲಿನ ಹಲಗೆ, ಅಂಬಾದಾಸರ ಹೊಟ್ಟೆಕಿಚ್ಚು

ಬೆಳಗಿನ ಐದೂವರೆ. ಪುಣೆಯ ಕೊಂಢವಾದಲ್ಲಿ ಏಳುತ್ತಿರುವ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ ಅಂಬಾದಾಸ ಹೆಗಲ ಮೇಲೆ ಪೈಪು ಹೊತ್ತು ನಿಂತಿದ್ದಾರೆ. ಹೊಸ ಸ್ಲ್ಯಾಬು ಬಿರಿಯದಂತೆ ನೀರುಣಿಸುವುದು ಅವರ ಕೆಲಸ. ಕೈ ನೀರು ಬಿಡುತ್ತಿದ್ದರೆ ತುಟಿ ಏನನ್ನೋ ಗುನುಗುತ್ತಿದೆ. ಹಾಡಲ್ಲ, ಇವತ್ತಿನ ಕತೆ!

"ಇಲ್ಲೇ ಕೂಡಸ್ತೀನ್ರಿ ಎಲ್ಲಾ. ಸ್ಲ್ಯಾಬು ನೀರು ಕುಡಿಯೂದ್ರಾಗ ಕತಿನೂ ಹದಕ್ಕ ಬರ್ತದ. ಕೆಳಗ ಹೋದಮ್ಯಾಲ ಬರೇ ಬರಿಯೂದು."

ಏಳಕ್ಕೆ ಕೆಳಗಿಳಿದು, ಗೇಟಿನ ಪಕ್ಕ ಒರಗಿಸಿಟ್ಟ ಹಳೆಯ ಪ್ಲೈವುಡ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಹಲಗೆ ಹಿಡಿಯುವುದು ಹನ್ನೊಂದೇ ಸಾಲು, ಹಾಗಾಗಿ ಕತೆಯೂ ಹನ್ನೊಂದೇ ಸಾಲು. ಎಲ್ಲವೂ ಸೈಟಿನಲ್ಲೇ ನಡೆದದ್ದು, ನಿಜವಾಗಿ ನಡೆದದ್ದು.

ಸುರಪುರ ಕಡೆಯ ಅಂಬಾದಾಸ ಓದಿದ್ದು ಏಳನೇ ತರಗತಿ. ಪುಣೆಗೆ ಬಂದು ಹತ್ತೊಂಬತ್ತು ವರ್ಷ. ಆರು ವರ್ಷದ ಹಿಂದೆ ಮಿಕ್ಸರ್ ನಡೆಸುವ ಸಿದ್ದಲಿಂಗಪ್ಪ ದಿನಾ ಅರ್ಧ ರೊಟ್ಟಿ ತೆಗೆದಿಡುವುದನ್ನೂ, ಅದಕ್ಕಾಗಿ ಬೀದಿನಾಯಿಯೊಂದು ಏಳು ಮಹಡಿ ಹತ್ತಿ ಬರುವುದನ್ನೂ ಹಲಗೆಯ ಮೇಲೆ ಬರೆದರು. ಜನ ನಿಂತು ಓದಿದರು, ಅಷ್ಟೇ ಸಾಕಾಯಿತು. ಆಮೇಲೆ ನಾಲ್ಕು ಸೈಟು ಬದಲಾದವು, ಹಲಗೆಯೂ ಅವರ ಜೊತೆಗೇ ಟೆಂಪೊ ಹತ್ತಿತು.

ನಿಯಮ ಒಂದೇ. ಯಾರ ಕತೆಯೋ ಅವರಿಗೆ ಮೊದಲು ಓದಿ ಹೇಳಬೇಕು, ಅವರು 'ಹೂಂ' ಅಂದರೆ ಮಾತ್ರ ಬರೆಯಬೇಕು. "'ಬ್ಯಾಡ' ಅಂದ್ರ ಮುಗೀತ್ರಿ. ಎಷ್ಟ ಚಂದ ಇದ್ರೂ ನುಂಗಿಬಿಡೂದು."

ಮೊದಲೆಲ್ಲ ಹಲಗೆಯ ಮುಂದೆ ಬೆಳಿಗ್ಗೆ ಅರವತ್ತು ಮಂದಿ ಸೇರುತ್ತಿದ್ದರು. ಇವತ್ತು ಹದಿನಾಲ್ಕು. ಉಳಿದವರು ಹತ್ತು ಹೆಜ್ಜೆ ಆಚೆ, ಚಹಾ ಗಾಡಿಯ ಹತ್ತಿರ ಒಂದೇ ಫೋನಿಗೆ ಕಿವಿಕೊಟ್ಟು ಬಿದ್ದುಬಿದ್ದು ನಗುತ್ತಿದ್ದಾರೆ. ಫೋನಿನಲ್ಲಿರುವುದು ಭುವನೇಶ್ವರಿಯ ದನಿ. ಇದೇ ಸೈಟಿನಲ್ಲಿ ಟೈಲ್ಸ್ ಹೊರುವ ಇಪ್ಪತ್ತಾರರ ಹೆಣ್ಣುಮಗಳು. ಅವಳೂ ಇಲ್ಲಿನ ನಿಜಸಂಗತಿಗಳನ್ನೇ ಮೂರು ನಿಮಿಷದ ಕತೆ ಮಾಡಿ ವಾಟ್ಸ್ಯಾಪ್ ಗುಂಪಿಗೆ ಬಿಡುತ್ತಾಳೆ. ಗುಂಪಿನಲ್ಲಿ ನಾನೂರ ಹನ್ನೆರಡು ಜನ. ಈ ಲೆಕ್ಕ ಅವಳಿಗಿಂತ ಅಂಬಾದಾಸರಿಗೇ ಸರಿಯಾಗಿ ಗೊತ್ತು.

"ಮೇಸ್ತ್ರಿ ಕೆಮ್ಮೂದು, ಯಂಕವ್ವ ಮೂಗಿನಾಗ ಮಾತಾಡೂದು, ಎಲ್ಲಾ ಹಂಗಿಂದಹಂಗ ತಗೀತಾಳ್ರಿ ಪೋರಿ. ನನ್ನ ಸುಣ್ಣದ ಕಡ್ಡಿ ಕೆಮ್ಮತದೇನು?"

ಅವಳ ಕತೆಗಳು ಚೆನ್ನಾಗಿರುತ್ತವೆಯೇ ಎಂದು ಕೇಳಿದರೆ ಅಂಬಾದಾಸ ಹಲಗೆಯ ಮೂಲೆಯನ್ನು ಸುಮ್ಮನೆ ಒರೆಸುತ್ತಾರೆ. "ಇರ್ತಾವ್ರಿ. ಅದೇ ತ್ರಾಸು."

ಮೂರು ತಿಂಗಳ ಹಿಂದೆ ಆ ತ್ರಾಸು ತಲೆಗೇರಿತು. ಸೆಂಟ್ರಿಂಗ್ ಕೆಲಸದ ಲಾಲಪ್ಪ ಹಲಗೆಯ ಮುಂದೆ ದಿನಾ ಮೊದಲು ಬಂದು ನಿಲ್ಲುವವರು, ತಲೆಯಾಡಿಸುತ್ತಾ ಕೊನೆಯ ಸಾಲಿನವರೆಗೂ ನೋಡುವವರು. ಒಂದು ದಿನ ಅವಸರದಲ್ಲಿ ಅಂಬಾದಾಸ ಬರೆದ ಹಲಗೆಯನ್ನೇ ತಲೆಕೆಳಗಾಗಿ ಇಟ್ಟುಬಿಟ್ಟಿದ್ದರು. ಲಾಲಪ್ಪ ಆಗಲೂ ಹಾಗೆಯೇ ತಲೆಯಾಡಿಸಿದರು. ಅವರಿಗೆ ಅಕ್ಷರ ಬರುವುದಿಲ್ಲ!

ಇಂಥ ಕತೆ ಭುವನೇಶ್ವರಿಗೆ ಸಿಗುವುದಿಲ್ಲ ಎಂದುಕೊಂಡರು ಅಂಬಾದಾಸ. ಕೇಳಿದರೆ ಲಾಲಪ್ಪ 'ಬ್ಯಾಡ' ಅಂದಾರು ಎಂದು ಮರುದಿನ ಕೇಳದೆಯೇ ಬರೆದರು. ಅವತ್ತು ಹಲಗೆಯ ಮುಂದೆ ಮತ್ತೆ ಅರವತ್ತು ಮಂದಿ, ಭರ್ತಿ ನಗು. ನಡುವೆ ನಿಂತ ಲಾಲಪ್ಪನೂ ಎಲ್ಲರ ಜೊತೆ ನಗುತ್ತಿದ್ದರು. ಗಾರೆ ಹೊರುವ ಯಂಕವ್ವನಿಗೆ ತಡೆಯಲಾಗಲಿಲ್ಲ.

"ಅಣ್ಣಾ, ನಗಬ್ಯಾಡೋ. ಅದು ನಿಂದೇ ಕತಿ," ಎಂದು ಓದಿ ಹೇಳಿದಳು.

"ಬೈದಿದ್ರ ಚೊಲೊ ಇತ್ರಿ," ಎನ್ನುತ್ತಾರೆ ಅಂಬಾದಾಸ. "ನಗೂದ ನಿಂದ್ರಿಸಿ ಕೆಲಸಕ್ಕ ಹೋದ. ಮರುದಿನ ನೋಡಿದ್ರ ಚಹಾ ಗಾಡಿ ಕಡೆ, ಭುವನಿ ಕತಿ ಕೇಳಕೋತ ಕುಂತಾನ. ಅಲ್ಲಿ ಕಿವಿ ಇದ್ರ ಸಾಕಲ್ರಿ."

ಐದು ದಿನ ಹಲಗೆ ಖಾಲಿ ಇತ್ತು. ಆರನೇ ದಿನಕ್ಕೆ ತಮ್ಮದೇ ತಪ್ಪನ್ನು ಹನ್ನೊಂದು ಸಾಲಾಗಿ ಕಟ್ಟಿದರು. ಅದರಲ್ಲಿ ಲಾಲಪ್ಪ, ಭುವನೇಶ್ವರಿ ಇಬ್ಬರೂ ಬರುತ್ತಾರಲ್ಲ, ನಿಯಮದಂತೆ ಅವರಿಗೆ ಓದಿ ಹೇಳಬೇಕು. ಚಹಾ ಗಾಡಿಯ ಮುಂದೆ ಹೋಗಿ, ಎಲ್ಲರೆದುರೇ ನಿಂತು ಹೇಳಿದರು. ಅರ್ಧಕ್ಕೇ ಭುವನೇಶ್ವರಿ ಬಾಯಿ ಹಾಕಿದಳು.

"ಕಾಕಾ, 'ನನಗ ಸ್ವಲ್ಪ ಹೊಟ್ಟಿಕಿಚ್ಚಾತು' ಅಂತೀಯಲ್ಲ, ಸ್ವಲ್ಪ ಹ್ಯಾಂಗ? ನನ್ನ ನೆರಳ ಕಂಡ್ರ ಮಾರಿ ತಿರುವತಿ. ಖರೆ ಬರಿ ಮತ್ತ!"

ಗಾಡಿಯವನೂ ನಕ್ಕ. 'ಸ್ವಲ್ಪ' ಹೋಗಿ 'ಭಾಳ' ಆಯಿತು. ಲಾಲಪ್ಪ ಮಾತ್ರ ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು. "ಹೂಂ," ಅಂದರು. "ಆದ್ರ ಇನ್ನ ಮ್ಯಾಲ ದಿನಾ ಬರದದ್ದು ದೊಡ್ಡ ದನಿಲೆ ಓದು. ನಾ ಬಂದು ನಿಂದರ್ತೀನಿ."

ಅಂದಿನಿಂದ ಎಂಟಕ್ಕೆ ಸರಿಯಾಗಿ ಅಂಬಾದಾಸ ಓದುತ್ತಾರೆ. ಮೊದಲ ದಿನ ಲಾಲಪ್ಪನ ಪಕ್ಕ ಇನ್ನೂ ಆರು ಜನ ಬಂದು ನಿಂತರು. ಅವರ್‍ಯಾರಿಗೂ ಅಕ್ಷರ ಬಾರದೆಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ಇಷ್ಟನ್ನೂ ಲಾಲಪ್ಪನವರಿಗೆ ಓದಿ ಹೇಳಿ, 'ಹೂಂ' ಅನ್ನಿಸಿಕೊಂಡೇ ಇಲ್ಲಿ ಅಚ್ಚು ಮಾಡಲಾಗಿದೆ.

ಹೊಟ್ಟೆಕಿಚ್ಚು ತಣ್ಣಗಾಯಿತೇ? ಚಹಾ ಗಾಡಿಯ ಕಡೆ ಮತ್ತೆ ನಗು ಸಿಡಿಯುತ್ತದೆ. ಅಂಬಾದಾಸ ಅತ್ತ ತಿರುಗಿ ತಲೆ ಎಣಿಸುತ್ತಾರೆ.

"ಎಲ್ಲೀದ್ರಿ! ಒಂದ ಆಸೆ ಅದ ನೋಡ್ರಿ. ಒಂದ ದಿನ ನನ್ನ ಕತಿ ಕೇಳಿ ಆ ಪೋರಿಗೆ ನಿದ್ದಿ ಹತ್ತಬಾರ್ದು. 'ಇದು ನನಗ್ಯಾಕ ಸಿಗಲಿಲ್ಲ' ಅಂತ ಹೊರಳಾಡಬೇಕು. ಒಂದೇ ರಾತ್ರಿ ಸಾಕ್ರಿ, ಹೆಚ್ಚಿಂದು ಬ್ಯಾಡ."